ಒಟ್ಟಿಗೆ ಮಗುಚಿದ ಎರಡು ಗರಿ

ಅಪ್ಪ,

ನೀವು ತೀರಿಹೋಗಿ ಎರಡು ವರ್ಷವಾಯಿತು, ಆದರೂ ಇದನ್ನು ನಿಮಗೇ ಹೇಳಬೇಕು. ಮಗು ಮೂರು ದಿನದಿಂದ ನಿದ್ದೆ ಮಾಡಿಲ್ಲ, ನಾನೂ. ಬೆಳಿಗ್ಗೆ ಮಟ್ಟಾಂಚೇರಿಯ ನಮ್ಮ ಮನೆಗೆ ಮಧುರಾ ಬಂದಿದ್ದಳು. ಕಾಸರಗೋಡಿನ ಹುಡುಗಿ, ಹಳೆಯ ಕಾವ್ಯಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ತಿರುವನಂತಪುರದಲ್ಲಿ ನೀವು ಸಂಪಾದಿಸಿ ಪುಸ್ತಕವಾಗಿ ತಂದ ಕಾವ್ಯದ ತಾಳೆಗರಿ ಪ್ರತಿಯ ಫೋಟೋ ತೋರಿಸಿದಳು.

"ಚೇಚಿ, ರಾಣಿ ಅಳುವ ಪ್ರಸಂಗ ಈ ಪ್ರತಿಯಲ್ಲಿಲ್ಲ, ಆಮೇಲೆ ಯಾರೋ ಸೇರಿಸಿದ್ದು ಅಂತ ನಿಮ್ಮ ತಂದೆಯವರು ಬರೆದರು. ಅವರಿಗೆ ಹೆಸರು ಬಂದದ್ದೇ ಅದರಿಂದ. ನೋಡಿ, ಇಲ್ಲೇ ಉಂಟು. ಬೇಕಂತಲೇ ಮುಚ್ಚಿಟ್ಟರು ಅಂತ ನಾನು ಬರೀಬೇಕಾಗ್ತದೆ."

ನಾನು ಮಗುವಿನ ಬೆನ್ನು ತಟ್ಟುತ್ತಿದ್ದೆ. ನನಗೇನಾದರೂ ಹೇಳುವುದಿದ್ದರೆ ಸೋಮವಾರದವರೆಗೆ ಕಾಯುತ್ತೇನೆಂದು ಹೇಳಿ ಹೋದಳು.

ತಿರುವನಂತಪುರದ ಉಳ್ಳೂರಿನಲ್ಲಿ ನಿಮ್ಮ ಕಣ್ಣಿನ ಆಪರೇಷನ್ ಆದ ತಿಂಗಳು ಗರಿ ಓದಿ ಹೇಳುತ್ತಿದ್ದವಳು ನಾನು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೀವು ಬರೆದುಕೊಳ್ಳುತ್ತಿದ್ದಿರಿ. ಆ ಸಂಜೆ ಗೆಳತಿಯರು ಸಿನಿಮಾಕ್ಕೆ ಕಾಯುತ್ತಿದ್ದರು. ಎರಡು ಗರಿ ಒಟ್ಟಿಗೆ ಮಗುಚಿ ನಡುವಿನದು ಓದದೆ ಉಳಿದದ್ದು ನನಗೆ ಗೊತ್ತಾಗಿತ್ತು.

"ಗರಿಯ ಸಂಖ್ಯೆ ಸರಿ ಇದೆಯಾ ಪುಟ್ಟಿ?" ಎಂದಿರಿ. ಇದೆ ಎಂದೆ. ಆಮೇಲೆ ಹೇಳೋಣ ಎಂದುಕೊಳ್ಳುತ್ತಲೇ ಇದ್ದೆ, ಅಷ್ಟರಲ್ಲಿ ಪುಸ್ತಕ ಅಚ್ಚಾಗಿ ಬಹುಮಾನವೂ ಬಂತು.

ಈಗಷ್ಟೇ ನಿಮ್ಮ ಮುನ್ನುಡಿ ತೆಗೆದು ನೋಡಿದೆ. 'ಓದಿ ಹೇಳಿದವಳು ನನ್ನ ಮಗಳು. ಅವಳು ಓದಿದ್ದನ್ನು ಮತ್ತೆ ನೋಡುವ ಅಗತ್ಯ ನನಗೆ ಬೀಳಲಿಲ್ಲ.' ಮಧುರಾ ಈ ಸಾಲನ್ನು ಗಮನಿಸಿಲ್ಲ.

ಆ ಪುಟದ ಫೋಟೋ ತೆಗೆದಿದ್ದೇನೆ. ಅದರ ಜೊತೆ ಆ ಸಂಜೆಯದನ್ನೂ ಬರೆದು ಅವಳಿಗೆ ಕಳಿಸಿದರೆ ನೀವು ಸುಳ್ಳುಗಾರರಲ್ಲ, ನನ್ನನ್ನು ನಂಬಿದಿರಿ ಎಂದಷ್ಟೇ ಆಗುತ್ತದೆ.

'ಮಧುರಾ' ಎಂದು ಬರೆದಿದ್ದೇನೆ. ಮುಂದಿನ ಪದ ಇನ್ನೂ ಬಂದಿಲ್ಲ.