ಅಜ್ಜಿ ಕೇಳಿದ ಕಂಬಿ

ಕಾರ್ಯದರ್ಶಿ ಮಾವನಿಗೆ,

ಹಾಗಾದ್ರೆ ವಾಚನಾಲಯದಲ್ಲಿ ನಮ್ಮಜ್ಜಿ ಫೋಟೊ ಹಾಕೋದು ಗ್ಯಾರಂಟಿ ಅಂತಾಯ್ತು. ನಿನ್ನೆ ಸಂತಾಪ ಸಭೆಯಲ್ಲಿ ಚೆನ್ನಾಗೇ ಹೊಗಳಿದ್ರಿ. ಮೂವತ್ತೆಂಟು ವರ್ಷ ಅದರ ಬಾಗಿಲು ತೆಗೆದಿದ್ದು, ನಿಮ್ಮನ್ನೂ ಸೇರಿಸಿ ಬೀದಿಯವರ ಮಕ್ಕಳಿಗೆಲ್ಲ ಓದು ಕಲಿಸಿದ್ದು, ಎಲ್ಲ ಹೇಳಿದ್ರಿ. ಕೊನೆಗೆ, "ಕೀಲಿ ಅಜ್ಜಿ ಒಂದಿನಾನೂ ಏನೂ ಕೇಳಲಿಲ್ಲ" ಅಂದ್ರಿ.

ಕೇಳಿದ್ಲು ಮಾವ. ವಾಚನಾಲಯದ ಆ ಮೆಟ್ಟಿಲ ಮೇಲೆ ಬೀಳೋಕೆ ಎರಡು ತಿಂಗಳು ಮುಂಚೆ ಸಂಘದ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದ್ಲು. ಫೋನ್ ಒತ್ತಿ ಹಿಡಿದಿದ್ದು ನಾನೇ. "ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸ್ರಪ್ಪ, ಕಾಲು ನನ್ನ ಮಾತು ಕೇಳ್ತಿಲ್ಲ." ದಿನಾ ಬೆಳಿಗ್ಗೆ ಶುಭೋದಯ ಹೇಳಿ ಕಳಿಸ್ತಿದ್ಲಲ್ಲ, ಇದೂ ಅದೇ ಅಂದ್ಕೊಂಡು ಯಾರೂ ಕೇಳಿಸಿಕೊಳ್ಳಲಿಲ್ಲ. ನೀವು "ನಿಮಗೂ ಶುಭೋದಯ ಅಜ್ಜಿ" ಅಂತ ಗುಲಾಬಿ ಹೂವು ಹಾಕಿದ್ರಿ.

ಅದನ್ನ ನೋಡಿ ಅಜ್ಜಿ, "ಇದನ್ನ ಹಿಡ್ಕೊಂಡು ಇಳೀಲೇನೇ?" ಅಂದ್ಲು. ನಾನೂ ನಕ್ಕುಬಿಟ್ಟೆ. ಇನ್ನೊಂದು ಸಲ ಮೆಸೇಜ್ ಹಾಕೋಣ ಅಂತ ನನಗೂ ಹೊಳೀಲಿಲ್ಲ.

ಫೋಟೊ ಬೇಡ, ಕಂಬಿ ಹಾಕಿಸಿ. ಅಲ್ಲಿವರೆಗೂ ಕೀಲಿ ನನ್ನ ಹತ್ರಾನೇ ಇರುತ್ತೆ.

ಆ ಮೆಸೇಜ್ ಇನ್ನೂ ಗ್ರೂಪಲ್ಲೇ ಇದೆ, ಬರೀ ಹನ್ನೊಂದು ಸೆಕೆಂಡು. ಇವತ್ತಾದ್ರೂ ಕೇಳಿಸಿಕೊಳ್ತೀರಾ, ಇಲ್ಲಾ ಈ ಪತ್ರಕ್ಕೂ ಒಂದು ಹೂವು ಹಾಕ್ತೀರಾ?

ಇಂತಿ,
ಕೀಲಿ ಅಜ್ಜಿ ಮೊಮ್ಮಗಳು