ನಾನೊಬ್ಬನೇ ಆಡುತ್ತಿರುವ ಜಗಳ

ಮನೆಯಿಂದ, ಕಿಟಕಿ ಪಕ್ಕದ ಮೇಜು
ಬುಧವಾರ, ತಾರೀಕು ಹದಿನೆಂಟು

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಹಡಗಿನ ಕುಲುಕಾಟಕ್ಕೆ ಹೊಟ್ಟೆ ಒಗ್ಗಿತಾ? ಊರಿಗೆಲ್ಲ ವಾಂತಿಗೆ ಮಾತ್ರೆ ಕೊಡುವ ನರ್ಸಮ್ಮ ತಾನೇ ಬಕೆಟ್ ಹಿಡಿದು ಕೂತರೆ ಚೆನ್ನಾಗಿರುವುದಿಲ್ಲ. ನನ್ನ ಮಂಡಿ ಇದ್ದ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಮಾತಾಡುತ್ತೆ, ಇಳಿಯುವಾಗ ಬೈಯುತ್ತೆ. ಈ ಕಾಗದ ಮುಂದಿನ ಬಂದರಿನಲ್ಲಿ ನಿನ್ನ ಕೈ ಸೇರುತ್ತದಂತೆ. ಮೇಲ್ ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ಕಾಗದ ಅಳಿಸಬೇಕಾದರೆ ನಿನ್ನ ಗಂಡ ಒಂದು ರಬ್ಬರನ್ನಾದರೂ ಹುಡುಕಬೇಕು. ಅಷ್ಟು ಶ್ರಮ ಆ ಮಹಾನುಭಾವರ ಹಣೆಯಲ್ಲಿ ಬರೆದಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಹಳೆಯ ಮೇಲ್ ಕಂಪನಿ ಬಾಗಿಲು ಹಾಕುತ್ತೇವೆ ಅಂತ ನೋಟಿಸು ಕಳಿಸಿತ್ತು. ಫೋಲ್ಡರುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ ಆರ್ಕೈವ್ ಮಾಡಿಟ್ಟುಕೊಳ್ಳಿ ಎಂದಿತ್ತು. ನಾನೇ ಮಾಡುತ್ತಿದ್ದೆ, ನಿಧಾನವಾಗಿ, ಒಂದೊಂದೇ. ಅಷ್ಟರಲ್ಲಿ ಭಾನುವಾರ ಅಳಿಯಂದಿರು ದಯಮಾಡಿಸಿದರು. ಬೂಟು ಬಿಚ್ಚಲಿಲ್ಲ. "ಸ್ವಲ್ಪ ಸರಿದುಕೊಳ್ಳಿ ಮಾವ, ಇದೆಲ್ಲ ಐದು ನಿಮಿಷದ ಕೆಲಸ" ಅಂತ ನನ್ನ ಕುರ್ಚಿಯಲ್ಲೇ ಕೂತು, ಜೇಬಿನಿಂದ ಸೋಪಿನ ಬಿಲ್ಲೆಯಷ್ಟು ಕರಿ ಡಬ್ಬಿ, ಹಾರ್ಡ್ ಡಿಸ್ಕ್ ಅಂತೆ, ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದರು. ಪರದೆಯ ಮೇಲೆ ಹಸಿರು ಗೆರೆ ತೆವಳಲು ಶುರುವಾಯಿತು. ಅದು ತೆವಳಿದಷ್ಟು ಹೊತ್ತೂ ನನಗೆ ಪಾಠ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಮೀಡಿಯಂ ಅಂತ ಅವರಿಗೆ ಎಷ್ಟು ಸಲ ಹೇಳಿದ್ದೇನೋ, ಆದರೂ ಫೋಲ್ಡರ್ ಅಂದರೆ ಏನು ಅಂತ ಕನ್ನಡದಲ್ಲಿ ಬಿಡಿಸಿ ಹೇಳಿದರು. ಹೋಗುವಾಗ ಬಾಗಿಲಲ್ಲಿ ನಿಂತು ಆಕಳಿಸುತ್ತಾ ಅಂದರು: "ಒಂದು ಫೋಲ್ಡರಲ್ಲಿ ಬರೀ ಖಾಲಿ ಮೇಲ್ ಮಾವ, ಒಳಗೇನೂ ಇಲ್ಲ. ಕ್ಲೀನ್ ಮಾಡಿದೆ. ಹಳೇ ಅಕೌಂಟನ್ನೂ ಕ್ಲೋಸ್ ಮಾಡಿದೀನಿ, ನಿಮಗೆ ತಲೆನೋವೇ ಬೇಡ."

ಯಾವ ಫೋಲ್ಡರು ಗೊತ್ತಾ? 'ಆಪೊಸಿಟ್ ಪಾರ್ಟಿ'. ಅಂದರೆ ಎದುರು ಪಕ್ಷ, ನಿನ್ನ ಅಮ್ಮನ ಮೇಲ್‌ಗಳು.

ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಮಾತು ಬಿಟ್ಟ ದಿನ ನಾನು ಹಜಾರದಿಂದ, ಅವಳು ಅಡುಗೆಮನೆಯಿಂದ, ಮೇಲ್‌ನಲ್ಲೇ ಜಗಳ. ನಡುವೆ ಒಂದು ಗೋಡೆ. ಅವಳು ಸಾಕ್ಷಿಗಿರಲಿ ಅಂತ ನಿನಗೂ ಒಂದು ಕಾಪಿ ಹಾಕುತ್ತಿದ್ದಳು, ನೀನು ಯಾವ ಪಕ್ಷವನ್ನೂ ಸೇರದೆ ಜಾರಿಕೊಳ್ಳುತ್ತಿದ್ದೆ. ನಾನು ಕ್ರಮವಾಗಿ ಬರೆಯುತ್ತಿದ್ದೆ: ರೆಸ್ಪೆಕ್ಟೆಡ್ ಮೇಡಮ್, ವಿತ್ ರೆಫರೆನ್ಸ್ ಟು ಯುವರ್ ಬಾಗಿಲು ಬಡಿದದ್ದು, ದಿ ಅಂಡರ್‌ಸೈನ್ಡ್ ಬೆಗ್ಸ್ ಟು... ಬೆಗ್ಸ್ ಟು ಏನೋ ಒಂದು. ಎರಡು ಪುಟ. ಅವಳ ಉತ್ತರ ತಲೆಯ ಮೇಲಿನ ಸಬ್ಜೆಕ್ಟ್ ಸಾಲಿನಲ್ಲೇ ಮುಗಿಯುತ್ತಿತ್ತು. "ಚಿಲಕ ನೀವೇ ಹಾಕಿದ್ದು." "ನಿಮ್ಮಕ್ಕನಿಗೆ ಹೇಳಿ, ನನಗಲ್ಲ." "ಇಂಗ್ಲಿಷ್ ಮುಗೀತಾ?" ಕೆಳಗೆ ಅಷ್ಟು ದೊಡ್ಡ ಬಿಳಿ ಜಾಗ ಇದೆಯಲ್ಲೇ, ಅಲ್ಲಿ ಬರಿ ಅಂದರೆ, ಅದು ನಿಮ್ಮಂಥವರಿಗೆ ಬಿಟ್ಟಿದ್ದು ಅನ್ನುತ್ತಿದ್ದಳು. ಪ್ರೆಸೀ ರೈಟಿಂಗ್ ಅಂತ ಕಾಲೇಜಿನಲ್ಲಿ ನಮಗೊಂದು ಪೇಪರ್ ಇತ್ತು, ಕೊಟ್ಟ ಬರಹವನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ನಾನು ಎರಡು ಸಲ ಕಟ್ಟಿ ಪಾಸಾದೆ. ಅವಳು ಕಾಲೇಜಿನ ಗೇಟನ್ನೂ ನೋಡದೆ ಮೊದಲ ದರ್ಜೆ.

ಸೋಮವಾರ, ಬಿಟ್ಟುಹೋಗಿದ್ದ ಆ ಡಬ್ಬಿ ಸಿಕ್ಕಿಸಿ ತೆಗೆದು ನೋಡಿದೆ. ಫೋಲ್ಡರಿನ ಹೆಸರಿದೆ, ಒಳಗೆ ಒಂದೂ ಇಲ್ಲ. ನಾನು ಕಳಿಸಿದ್ದು ಮಾತ್ರ ಒಂದಕ್ಷರ ಬಿಡದೆ ಭದ್ರ. ನಿನ್ನ ಗಂಡನಿಗೆ ಫೋನ್ ಮಾಡಿದರೆ, "ಖಾಲಿ ಮೇಲ್ ಇಟ್ಕೊಂಡು ಏನ್ಮಾಡ್ತೀರಿ ಮಾವ?" ಅಂತ ನನ್ನನ್ನೇ ಕೇಳುತ್ತಾನೆ. ನೋಡು, ಬಹುವಚನ ಇಲ್ಲಿಗೆ ಸಾಕು. ಲಕೋಟೆ ತೂಗಿ ನೋಡಿ, ಹಗುರ ಇದೆ ಅಂತ ಒಲೆಗೆ ಹಾಕುವ ಜಾಣ. ಒಂದನ್ನಾದರೂ ತೆರೆದು ಓದಿದನಾ? ತೆರೆಯುವುದೂ ಬೇಕಿರಲಿಲ್ಲ, ತಲೆಯ ಮೇಲೇ ಬರೆದಿತ್ತು. ಕಣ್ಣೆದುರಿಗೆ ಇದ್ದದ್ದನ್ನು ಬಿಟ್ಟು ಒಳಗೆ ಏನೂ ಇಲ್ಲ ಅಂದವನನ್ನು ಆಫೀಸಿನಲ್ಲಿ ಎಕ್ಸ್‌ಪರ್ಟ್ ಅನ್ನುತ್ತಾರಂತೆ. ಅನ್ನಲಿ, ಹಾಳೂರಿಗೆ ಉಳಿದವನೇ ಗೌಡ. ಅಮ್ಮನ ಅಕೌಂಟಾದರೂ ತೆಗೆಯೋಣ ಅಂದರೆ ಅದರ ಪಾಸ್‌ವರ್ಡ್ ಅವಳ ತಲೆಯಲ್ಲೇ ಇತ್ತು, ತಲೆಯ ಜೊತೆಗೇ ಹೋಯಿತು.

ನನಗೇನು, ಹೋದರೆ ಹೋಗಲಿ. ಅವಳ ಬೈಗುಳ ನನಗೆ ಹೊಸದಲ್ಲ. ಅವನನ್ನು ಏನೂ ಅನ್ನಬೇಡ, ನಿಮ್ಮಿಬ್ಬರ ನಡುವೆ ನಾನ್ಯಾಕೆ ಬರಲಿ. ಭಾನುವಾರ ಬಂದರೆ ಟೀ ಕೊಡುತ್ತೇನೆ. ಸಕ್ಕರೆ ಹಾಕುವುದಿಲ್ಲ.

ಸಮುದ್ರ ನಿನ್ನ ಮಾತು ಕೇಳಲಿ, ಮೈ ಗಟ್ಟಿಯಾಗಿರಲಿ. ಕಿವಿಗೆ ಬಟ್ಟೆ ಕಟ್ಟಿಕೊಂಡು ಡೆಕ್ಕಿಗೆ ಹೋಗು.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಡಬ್ಬಿಯಲ್ಲಿ ಈಗ ನಾನೊಬ್ಬನೇ ಜಗಳ ಆಡುತ್ತಿದ್ದೇನೆ ಪುಟ್ಟಿ. ಪುಟಗಟ್ಟಲೆ ಬರೆದಿದ್ದೇನೆ, ಒಂದಕ್ಕೂ ಉತ್ತರ ಇಲ್ಲ. ಓದಿದವರು ಪ್ರತಿ ಸಲವೂ ನಾನೇ ಗೆದ್ದೆ ಅಂದುಕೊಳ್ಳುತ್ತಾರೆ. ಶುದ್ಧ ಸುಳ್ಳು. ಸಾಕ್ಷಿಯ ಕಾಪಿ ನಿನ್ನ ಹತ್ತಿರ ಇರಬೇಕು. ದಡಕ್ಕೆ ಇಳಿದ ತಕ್ಷಣ ಎಲ್ಲವನ್ನೂ ನನ್ನ ಹೊಸ ಅಡ್ರೆಸ್ಸಿಗೆ ಕಳಿಸು. ಹಾಳೆಯ ಹಿಂದೆ ಬರೆದಿದ್ದೇನೆ. ಗಂಡನ ಕೈಗೆ ಮಾತ್ರ ಕೊಡಬೇಡ. ಮೊದಲು ಆ ಕೊನೆಯದು, "ಸಾಕು, ನೀವೇ ಸರಿ, ಊಟಕ್ಕೆ ಬನ್ನಿ" ಅಂತ ಇದೆಯಲ್ಲ, ಅದು. ಕೆಳಗೆ ನೀನು ಏನೂ ಸೇರಿಸಬೇಡ. ಆ ಬಿಳಿ ಜಾಗ ಅವಳು ಬಿಟ್ಟ ಹಾಗೇ ಬರಲಿ.