ಸ್ಕ್ರೀನಿಂಗ್ ಎಂದರೆ ಪರದೆ

ಪ್ರೀತಿಯ ಮಗಳೇ,

ಈ ಪತ್ರವನ್ನು ನಿನ್ನ ಫೋನಿನೊಳಗಿನ ಹೆಂಗಸು ಓದಿ ಹೇಳುತ್ತಾಳೆ. ನಿನಗೂ ಅಳಿಯಂದಿರಿಗೂ ಕಣ್ಣು ಕಾಣದು, ಅವಳಿಗೆ ನನ್ನ ಕೈಬರಹ ಹತ್ತದು. ಹಾಗಾಗಿ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಒಬ್ಬಳೇ ಇರುವಾಗ ಕೇಳು. ಆಮೇಲೆ ಅವರಿಗೆ ಹೇಳುವುದು, ಬಿಡುವುದು ನಿನಗೆ ಸೇರಿದ್ದು.

ಹೋದ ವಾರ ನೀನು ಕೂಸಿನ ಆಸ್ಪತ್ರೆ ಚೀಟಿಯ ಫೋಟೋ ಕಳಿಸಿ, "ಡಾಕ್ಟ್ರು ಗೀಚಿದ್ದು ಫೋನಿಗೂ ಗೊತ್ತಾಗ್ತಿಲ್ಲ, ನೀನೇ ಓದಪ್ಪ, ನಮ್ಮನೆ ಇಂಗ್ಲಿಷ್ ಪಂಡಿತ" ಎಂದೆ. ನಾನು ಕನ್ನಡಕವನ್ನೂ ಹುಡುಕದೆ, "ಕಣ್ಣಿನ ಸ್ಕ್ರೀನಿಂಗ್. ಗುರುವಾರದೊಳಗೆ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು, ಒಂದು ದಿನವೂ ತಡ ಮಾಡಬೇಡ" ಎಂದೆ. "ಅಷ್ಟು ಸಲೀಸಾಗಿ ಹೇಗೆ ಓದಿದೆ?" ಎಂದು ನೀನು ಕೇಳಿದೆ. ಕಾಲೇಜಿನಲ್ಲಿ ಕಲಿತದ್ದು ಎಂದೆ ನಾನು. ಅದು ಸುಳ್ಳು.

ಮೂವತ್ತೈದಕ್ಕೆ ಪಾಸಾಗುವ ಕಡೆ ನನಗೆ ಇಂಗ್ಲಿಷಿನಲ್ಲಿ ಮೂವತ್ತಾರು ಬಂದಿತ್ತು. ಕಾಲೇಜಿನ ನಾಟಕದಲ್ಲಿ ನನಗೆ ಪಾತ್ರ ಕೊಡದೆ ಹಗ್ಗ ಕೊಟ್ಟಿದ್ದರು. ಇಂಗ್ಲಿಷ್ ಮೇಷ್ಟ್ರು "ಸ್ಕ್ರೀನ್" ಎಂದರೆ ಪರದೆ ಇಳಿಸಬೇಕು. ಆ ಪದ ನನ್ನ ತೋಳಿಗೇ ಹತ್ತಿಬಿಟ್ಟಿತ್ತು.

ನೀನೂ ನಿನ್ನ ಕೂಸಿನ ಹಾಗೆ ಏಳನೇ ತಿಂಗಳಿಗೇ ಹುಟ್ಟಿದವಳು. ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಕ್ಸಿಜನ್ ಕೊಟ್ಟು, ಮೂರು ವಾರಕ್ಕೆ ಮನೆಗೆ ಕಳಿಸಿದರು. ಚೀಟಿಯ ಕೊನೆಯಲ್ಲಿ ಕಣ್ಣು, ಸ್ಕ್ರೀನಿಂಗ್, ನಾಲ್ಕು ವಾರ ಎಂದು ಇಂಗ್ಲಿಷಿನಲ್ಲಿತ್ತು. ನಡುವಿನ 'ಅಟ್' ಎಂಬ ಪುಟ್ಟ ಪದವನ್ನು ನಾನು ಲೆಕ್ಕಕ್ಕೇ ಇಡಲಿಲ್ಲ. "ಏನಂತ್ರೀ?" ಎಂದಳು ನಿನ್ನ ಅಮ್ಮ. "ಕಣ್ಣಿಗೆ ಬೆಳಕು ಬೀಳಬಾರದಂತೆ, ನಾಲ್ಕು ವಾರ ಪರದೆ ಕಟ್ಟಬೇಕಂತೆ" ಎಂದೆ. ನರ್ಸು ಹತ್ತು ಹೆಜ್ಜೆ ದೂರದಲ್ಲಿ ಹತ್ತಿ ಸುತ್ತುತ್ತ ನಿಂತಿದ್ದರು. ಬಿ.ಎ. ಓದಿದವನು ಅವರನ್ನು ಕೇಳುವುದೇ?

ಕಿಟಕಿಗೆ ಕಪ್ಪು ಶಾಲು ಹೊಡೆದೆ. ಬಾಗಿಲ ಸಂದಿಗೆ ಗೋಣಿ ತುರುಕಿದೆ. ನೋಡಲು ಬಂದವರನ್ನು ಹೊಸ್ತಿಲಲ್ಲೇ ತಡೆದೆ. ಅಮ್ಮ ತಡಕಾಡುತ್ತ ನಿನಗೆ ಹಾಲೂಡಿಸುತ್ತಿದ್ದಳು. ಆ ಕತ್ತಲೆ ನಿನಗೇನೂ ಮಾಡಲಿಲ್ಲ. ಆದರೆ ಅದೇ ದಿನಗಳಲ್ಲಿ ನಿನ್ನ ಕಣ್ಣಿನ ಹಿಂಭಾಗದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತಿದ್ದವು. ಸ್ಕ್ರೀನಿಂಗ್ ಎಂದರೆ ತಪಾಸಣೆ; ನಾಲ್ಕನೇ ವಾರಕ್ಕೆ ಕಣ್ಣು ತೋರಿಸಿ ಎಂದು ಬರೆದದ್ದು ಅದಕ್ಕೇ.

ಆರು ತಿಂಗಳಾದರೂ ನೀನು ಗಿಲಕಿಯ ಸದ್ದಿಗೆ ತಿರುಗುತ್ತಿದ್ದೆ, ಬಣ್ಣಕ್ಕೆ ತಿರುಗುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯ ಕಣ್ಣಿನ ಡಾಕ್ಟರಮ್ಮ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿದರು. ಅವತ್ತು ಮಾತ್ರ ಒಂದಕ್ಷರ ಬಿಡದೆ ಅರ್ಥವಾಯಿತು. ತೀರ ಬಡ ದೇಶದಲ್ಲಿ ಇಂಥ ಕೂಸು ಬದುಕುವುದೇ ಕಷ್ಟ, ಅಲ್ಲಿ ಮಕ್ಕಳ ಕಣ್ಣು ಹೋಗುವುದು ದಡಾರದಿಂದ, ಹೊಟ್ಟೆಗೆ ಸಾಲದೆ. ದುಡ್ಡಿರುವ ದೇಶದಲ್ಲಿ ಡಾಕ್ಟರೇ ಪೆಟ್ಟಿಗೆಯ ಹತ್ತಿರ ಬಂದು ಕಣ್ಣು ನೋಡುತ್ತಾರೆ. ನಾವು ನಡುವಿನವರು. ಉಸಿರು ಕೊಡುವ ಯಂತ್ರ ತಂದಿದ್ದೇವೆ, ಕಣ್ಣು ನೋಡುವ ಕೆಲಸಕ್ಕೆ ಚೀಟಿ ಬರೆದುಕೊಡುತ್ತೇವೆ. ಅಷ್ಟು ಹೇಳಿ, ನಾಲ್ಕನೇ ವಾರಕ್ಕೆ ಯಾಕೆ ತರಲಿಲ್ಲ ಎಂದು ಕೇಳಿದರು. ಈಗ ಕಾಲ ಮೀರಿದೆ ಎಂದರು.

ಅಮ್ಮ ನನ್ನ ತೋಳು ಜಗ್ಗಿ, "ಏನಂದ್ರು?" ಎಂದಳು.

"ದಿನ ತುಂಬದೆ ಹುಟ್ಟಿದ್ದಕ್ಕೆ ಹೀಗಾಯ್ತಂತೆ. ಯಾರೂ ಏನೂ ಮಾಡೋ ಹಾಗಿರಲಿಲ್ಲವಂತೆ" ಎಂದೆ.

ಬಚ್ಚಲಲ್ಲಿ ಜಾರಿ ಬಿದ್ದ ಮಾರನೆಯ ದಿನವೇ ಅವಳು ನಿನ್ನನ್ನು ಹೆತ್ತಿದ್ದಳು. ಅಲ್ಲಿಗೆ ಎಲ್ಲವನ್ನೂ ತನ್ನ ತಲೆಗೆ ಕಟ್ಟಿಕೊಂಡಳು. ಸಾಯುವ ತನಕ ಅವಳು ಆ ಬಚ್ಚಲನ್ನು ಉಜ್ಜುತ್ತಿದ್ದ ಸದ್ದು ನಿನಗೂ ಗೊತ್ತು. ಹದಿನೈದರಲ್ಲಿ ನೀನೊಮ್ಮೆ ಸಿಟ್ಟಿನಲ್ಲಿ, "ನೀನು ನೋಡ್ಕೊಂಡು ಕಾಲಿಟ್ಟಿದ್ರೆ ನಾನೂ ನೋಡ್ತಿದ್ದೆ" ಎಂದೆ. "ಹೌದು ಕಣೆ" ಎಂದಳು. ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಪುಟ ಮಗುಚಿದೆ.

ನಿನ್ನೆ ನೀನು ನಗುತ್ತ ಫೋನು ಮಾಡಿದೆ. "ಎರಡು ಕಣ್ಣಿಗೂ ಲೇಸರ್ ಹಾಕಿದ್ರಪ್ಪ, ಉಳಿಯೋ ಹಾಗಿದೆ ಅಂದ್ರು. ಒಂದು ಗಂಟೆ ಕೆಲಸ ಅಷ್ಟೇ." ಒಳ್ಳೆಯದಾಯಿತು ಎಂದು ಫೋನಿಟ್ಟೆ. ಒಂದು ಗಂಟೆ. ಆಮೇಲೆ ಇದನ್ನು ಬರೆಯಲು ಕೂತೆ.

ಕ್ಷಮಿಸು ಎನ್ನಲು ಬರೆದದ್ದಲ್ಲ ಮಗಳೇ. ಆ ಮಾತನ್ನು ನಾನು ಯಾರಿಗೆ ಹೇಳಬೇಕಿತ್ತೋ ಅವಳು ಹೋಗಿ ಎರಡು ವರ್ಷವಾಯಿತು. ಅವಳು ಬಿದ್ದದ್ದರಿಂದ ನಿನ್ನ ಕಣ್ಣು ಹೋಗಲಿಲ್ಲ. ಅವತ್ತು ಅವಳಿಗೆ ಅಂದದ್ದನ್ನು ನನಗೆ ಅನ್ನು. ನೀನಾಗಿ ಕರೆಯುವ ತನಕ ಕೂಸನ್ನು ನೋಡಲು ನಾನು ಬರುವುದಿಲ್ಲ.

ಮತ್ತೆ ಯಾವಾಗ ತೋರಿಸಬೇಕೆಂದು ಡಾಕ್ಟರ ಬಾಯಿಂದಲೇ ಕೇಳಿಸಿಕೊ, ತಪ್ಪಿಸಬೇಡ. ಕೂಸು ನಿನ್ನ ಮುಖ ನೋಡುತ್ತ ಬೆಳೆಯಲಿ. ಅದು ಥೇಟ್ ನಿನ್ನ ಅಮ್ಮನ ಮುಖ.

ಇಷ್ಟನ್ನು ಇಷ್ಟು ತಡವಾಗಿ ಬರೆದ,
ನಿನ್ನ ಅಪ್ಪ